ಓದುಗರ ಪ್ರವಾಸ ಪ್ರಶ್ನೆಗಳು: ಮಡೀರಾದ ಬೆಟ್ಟಗಳಲ್ಲಿ ಜೀಪಿನ ದಾರಿ

ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ಲಿನ ಮಡೀರಾ ದ್ವೀಪದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯಿಂದ ಹಲವು ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಅಲ್ಲಿನ ಜೀಪು ಪ್ರವಾಸದ ವಿಷಯವನ್ನೇ. ಆಯ್ದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಲಿಸ್ಬನ್‌ನಲ್ಲಿ ಕೆಲಸದಲ್ಲಿರುವ ಮಗ ನಮ್ಮಿಬ್ಬರನ್ನೂ ನಾಲ್ಕು ದಿನ ಮಡೀರಾಕ್ಕೆ ಕರೆದೊಯ್ಯುವವನಿದ್ದಾನೆ. ಬಾಡಿಗೆ ಕಾರು ಪಡೆದು ತಾನೇ ಓಡಿಸುವೆನೆಂದು ಅವನು ಹೇಳಿದರೆ, ಜೀಪೇ ಬೇಕೆಂದು ನಮ್ಮ ಯಜಮಾನರು ಹಟ ಹಿಡಿದಿದ್ದಾರೆ. ಅವರಿಗೆ ಅರವತ್ತೇಳು ವರ್ಷ. ನನಗೆ ಆಗಾಗ ನಡುನೋವು. ಯಾವುದು ಸರಿ?
— ನಿವೃತ್ತ ಶಿಕ್ಷಕಿ, ಸಪ್ತಾಪುರ, ಧಾರವಾಡ

ಉತ್ತರ: ಅಕ್ಕಾವರೇ, ಇಬ್ಬರ ಮಾತೂ ಅರ್ಧರ್ಧ ಸರಿ. ಒಂದು ದಿನ ಜೀಪು, ಉಳಿದ ದಿನ ಕಾರು ಎಂದು ಹಂಚಿಕೊಳ್ಳಿ. ಏಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಡೀರಾ ಸುಮಾರು 57 ಕಿಲೋಮೀಟರ್ ಉದ್ದ, 22 ಕಿಲೋಮೀಟರ್ ಅಗಲದ ದ್ವೀಪ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಉದ್ದ ಹುಬ್ಬಳ್ಳಿಯಿಂದ ಗದಗಿನಷ್ಟು, ಅಗಲ ಹುಬ್ಬಳ್ಳಿಯಿಂದ ಧಾರವಾಡದಷ್ಟು. ಇಷ್ಟೇ ಜಾಗದಲ್ಲಿ ಸಮುದ್ರದಂಚಿನಿಂದ ಎದ್ದ ಜ್ವಾಲಾಮುಖಿ ಬೆಟ್ಟ 1,862 ಮೀಟರ್ ಎತ್ತರದ ಪಿಕೊ ರುಯಿವೊ ಶಿಖರದವರೆಗೆ ಏರಿದೆ; ಅದು ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪವೇ ಕಡಿಮೆ. ಈ ಬೆಟ್ಟಸಾಲು ದ್ವೀಪದ ನಡುವೆ ಗೋಡೆಯಂತೆ ನಿಂತಿರುವುದರಿಂದ ಉತ್ತರದ ಕಡೆ ಮೋಡ ಮುಸುಕಿ ಜಿನುಗುತ್ತಿರುವಾಗ ದಕ್ಷಿಣದ ಕಡೆ ಚುರುಕು ಬಿಸಿಲಿರುವುದು ದಿನನಿತ್ಯದ ಸಂಗತಿ. ಹೊಟೇಲಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದ ಹವಾಮಾನ ರಾಜಧಾನಿ ಫುಂಶಾಲಿನದ್ದಾಗಿರುತ್ತದೆ. ಬೆಟ್ಟದ ಮೇಲಿನ ಹವೆ ಬೇರೆಯೇ.

ಅನುಭವಿ ಚಾಲಕನ ಬೆಲೆ ತಿಳಿಯುವುದು ಇಲ್ಲಿ. ನಾವು ಹೋದ ದಿನ 1,007 ಮೀಟರ್ ಎತ್ತರದ ಎನ್‌ಕುಮೆಯಾದಾ ಕಣಿವೆದಾರಿಯಲ್ಲಿ ಚಾಲಕರು ಜೀಪು ನಿಲ್ಲಿಸಿ ಕೆಳಗಿಳಿದು, ಉತ್ತರದಿಂದ ದಂಡೆ ಮೀರಿ ಸುರಿಯುವ ಹಾಲಿನಂತೆ ಮೋಡ ಇಳಿಯುತ್ತಿದ್ದುದನ್ನು ಎರಡು ನಿಮಿಷ ಸುಮ್ಮನೆ ನೋಡಿದರು. ನಂತರ ಏನೂ ಹೇಳದೆ ಗಾಡಿಯನ್ನು ಎಡಕ್ಕೆ ತಿರುಗಿಸಿ ಪೌಲ್ ದ ಸೆರ್ರಾ ಎಂಬ ಎತ್ತರದ ಬಯಲಿಗೆ ಏರಿಸಿದರು. ಅಲ್ಲಿ ಮೋಡ ನಮ್ಮ ಕಾಲಡಿಯಲ್ಲಿತ್ತು, ತಲೆಯ ಮೇಲೆ ನೀಲಿ ಆಕಾಶವಿತ್ತು, ರಸ್ತೆಯ ನಡುವೆ ಬಿಡಾಡಿ ದನಗಳು ನಮ್ಮ ದುರ್ಗದ ಬೈಲಿನ ದನಗಳಷ್ಟೇ ನಿಶ್ಚಿಂತೆಯಿಂದ ಮಲಗಿದ್ದವು. ನಿಮ್ಮ ಮಗ ಓಡಿಸಿದ್ದರೆ ಗೂಗಲ್ ಹೇಳಿದಂತೆ ನೇರ ಮೋಡದೊಳಕ್ಕೆ ಇಳಿದು ಮಂಜನ್ನಷ್ಟೇ ನೋಡಿ ಬರುತ್ತಿದ್ದ.

ಇನ್ನೊಂದು ಕಾರಣ ಸುರಂಗಗಳು. ಕಳೆದ ಕೆಲವು ದಶಕಗಳಲ್ಲಿ ಬೆಟ್ಟಗಳನ್ನು ಕೊರೆದು ಮಾಡಿದ ಹೊಸ ರಸ್ತೆಗಳಿಂದ ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇಗ ತಲುಪಬಹುದು. ಆದರೆ ದಾರಿಯುದ್ದಕ್ಕೂ ಕಾಣುವುದು ಸುರಂಗದ ಗೋಡೆಗಳೇ. ಉತ್ತರ ಕರಾವಳಿಯ ಕಡಿದಾದ ಬಂಡೆಯ ಎದೆಯಲ್ಲಿ ಕೊರೆದಿದ್ದ ಹಳೆಯ ರಸ್ತೆ ಕಲ್ಲು ಕುಸಿತದಿಂದಾಗಿ ಹಲವೆಡೆ ಮುಚ್ಚಿದೆ. ಜೀಪಿನವರು ಹೋಗುವುದು ನೀಲಗಿರಿ ತೋಪುಗಳ ನಡುವಿನ ಕೆಮ್ಮಣ್ಣಿನ ಜಾಡುಗಳಲ್ಲಿ, ಮೆಟ್ಟಿಲು ಹೊಲಗಳ ಅಂಚಿನ ಓಣಿಗಳಲ್ಲಿ. ಬಾಡಿಗೆ ಕಾರಿನ ಕರಾರಿನಲ್ಲಿ ಇಂಥ ಡಾಂಬರಿಲ್ಲದ ದಾರಿಗೆ ಸಾಮಾನ್ಯವಾಗಿ ಅವಕಾಶವೇ ಇರುವುದಿಲ್ಲ.

ಹೆಚ್ಚಿನ ಸಂಸ್ಥೆಗಳು ದ್ವೀಪವನ್ನು ಪೂರ್ವ, ಪಶ್ಚಿಮ ಎಂದು ಎರಡು ದಿನಗಳಾಗಿ ಹಂಚಿರುತ್ತವೆ. ಜೀಪಿಗೆ ಪಶ್ಚಿಮವನ್ನೇ ಆರಿಸಿಕೊಳ್ಳಿ. ಚರ್ಚಿಲ್ 1950ರಲ್ಲಿ ಕುಳಿತು ಚಿತ್ರ ಬರೆದ ಮೀನುಗಾರರ ಊರು ಕಾಮರಾ ದ ಲೋಬುಶ್, 580 ಮೀಟರ್ ಎತ್ತರದಲ್ಲಿ ಗಾಜಿನ ನೆಲದ ಮೇಲೆ ನಿಂತು ಕಾಲಡಿಯ ಸಮುದ್ರ ನೋಡುವ ಕಾಬೊ ಜಿರಾವ್, ಮುದಿಮರಗಳು ಮಂಜಿನಲ್ಲಿ ಮೈ ತಿರುಚಿ ನಿಂತ ಫನಾಲ್, ಲಾವಾ ಕಲ್ಲುಗಳ ನಡುವೆ ಸಮುದ್ರದ ನೀರು ತುಂಬಿ ಈಜುಕೊಳವಾದ ಪೋರ್ಟೊ ಮೊನಿಶ್, ಇವೆಲ್ಲ ಆ ಕಡೆ ಇವೆ. ಪೂರ್ವದಲ್ಲಿ 1,818 ಮೀಟರ್ ಎತ್ತರದ ಪಿಕೊ ದು ಅರಿಯೇರುವಿನ ನೆತ್ತಿಯವರೆಗೂ ಒಳ್ಳೆಯ ರಸ್ತೆ ಇದೆ. ಅಲ್ಲಿಗೂ, ಹುಲ್ಲುಮಾಡಿನ ತ್ರಿಕೋನಾಕಾರದ ಮನೆಗಳಿರುವ ಸಾಂತಾನಾಕ್ಕೂ ಮಗನ ಕಾರಿನಲ್ಲಿಯೇ ಹೋಗಬಹುದು.

ನಡುನೋವಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆನ್ನುಮೂಳೆಯ ತೊಂದರೆ ಇರುವವರನ್ನೂ ಗರ್ಭಿಣಿಯರನ್ನೂ ಸಾಮಾನ್ಯವಾಗಿ ಕರೆದೊಯ್ಯುವುದಿಲ್ಲ. ವೈದ್ಯರು ಒಪ್ಪಿದರೆ ಮಾತ್ರ ಹೊರಡಿ, ಕಾದಿರಿಸುವಾಗಲೇ ಚಾಲಕರ ಪಕ್ಕದ ಆಸನ ಕೇಳಿ, ಅರ್ಧ ದಿನದ ಪ್ರವಾಸಕ್ಕೆ ತೃಪ್ತಿಪಡಿ. ನಾನು ಮೊದಲ ದಿನ ಅಗ್ಗದ ದರಕ್ಕೆ ಮಾರುಹೋಗಿ ಒಂದು ಸಂಸ್ಥೆಯ ಜೀಪು ಹತ್ತಿದೆ. ಹಿಂಭಾಗದಲ್ಲಿ ಎದುರುಬದುರು ಬೆಂಚು, ಎಂಟು ಜನ, ಆರು ಗಂಟೆ ಕಾಲ ನಾನು ಕಂಡದ್ದು ಬಹುಪಾಲು ಎದುರಿಗೆ ಕುಳಿತ ಜರ್ಮನ್ ದಂಪತಿಗಳ ಮೊಣಕಾಲುಗಳು. ಆದ್ದರಿಂದ ದರಕ್ಕೂ ಮೊದಲು ಮೂರು ಮಾತು ಕೇಳಿ: ಆಸನಗಳು ಮುಂದಕ್ಕೆ ಮುಖ ಮಾಡಿವೆಯೇ, ಎಷ್ಟು ಜನರನ್ನು ಕೂರಿಸುತ್ತಾರೆ, ಇಳಿದು ನಡೆಯಲು ಎಷ್ಟು ಹೊತ್ತು ಕೊಡುತ್ತಾರೆ.

ಪ್ರಶ್ನೆ: ಕೊಡಚಾದ್ರಿಗೆ ಎರಡು ಸಲ ಜೀಪಿನಲ್ಲಿ ಹೋಗಿ ಬಂದಿದ್ದೇನೆ. ಮಡೀರಾದ ಜೀಪು ಅದಕ್ಕಿಂತ ಬೇರೆಯೇ? ಛಾವಣಿ ತೆಗೆದು ನಿಂತುಕೊಂಡು ಹೋಗುವ ಚಿತ್ರಗಳನ್ನು ನೋಡಿದೆ, ಅದು ಸುರಕ್ಷಿತವೇ?
— ಗ್ಯಾರೇಜ್ ಮಾಲೀಕ, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಕೊಡಚಾದ್ರಿಯ ದಾರಿ ಕಂಡವರಿಗೆ ಮಡೀರಾದ ದಾರಿ ಮೊದಲಿಗೆ ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ಅಲ್ಲಿ ಬಂಡೆಯಿಂದ ಬಂಡೆಗೆ ನೆಗೆಯುವ ಪ್ರಸಂಗ ಕಡಿಮೆ. ಕಷ್ಟವಿರುವುದು ಇಳಿಜಾರಿನಲ್ಲಿ ಮತ್ತು ಒದ್ದೆ ಮಣ್ಣಿನಲ್ಲಿ. ಅಲ್ಲಿ ಹೆಚ್ಚಾಗಿ ಕಾಣುವುದು ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್. ಆ ಮೂಲ ಮಾದರಿಯ ತಯಾರಿಕೆ 2016ರ ಜನವರಿಯಲ್ಲಿ ನಿಂತಿದ್ದರಿಂದ ಇರುವ ಗಾಡಿಗಳನ್ನೇ ಜತನದಿಂದ ಸಾಕಿಕೊಂಡು ಬಂದಿದ್ದಾರೆ. ನಮ್ಮ ಹಳೆಯ ಜೀಪುಗಳಿಗೆ ಕಮಾನು ಪಟ್ಟಿ ಇದ್ದರೆ ಅವಕ್ಕೆ ಕಾಯಿಲ್ ಸ್ಪ್ರಿಂಗ್ ಇದೆ, ಹೀಗಾಗಿ ಚಕ್ರ ಗುಂಡಿಗೆ ಇಳಿದರೂ ಕೂತವರ ಸೊಂಟಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ನಾಲ್ಕೂ ಚಕ್ರಗಳಿಗೆ ಸದಾ ಎಂಜಿನ್ನಿನ ಬಲ ಹೋಗುತ್ತಿರುತ್ತದೆ. ನೆಲ ಜಾರುವಲ್ಲಿ, ಆ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ನಡುವಿನ ಡಿಫರೆನ್ಶಿಯಲ್ ಲಾಕ್ ಮಾಡುತ್ತಾರೆ. ಕಡಿದಾದ ಇಳಿಜಾರಿಗೆ ಬಂದೊಡನೆ ಚಾಲಕರು ಲೋ ರೇಂಜ್ ಎಂಬ ನಿಧಾನಗತಿಯ ಗೇರು ಹಾಕಿ, ಬ್ರೇಕ್ ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲಿಯೇ ಗಾಡಿಯನ್ನು ಎತ್ತಿನ ನಡಿಗೆಯಲ್ಲಿ ಇಳಿಸುತ್ತಾರೆ. ಬ್ರೇಕನ್ನು ಒತ್ತಿಹಿಡಿದೇ ಇಳಿಸಿದರೆ ಅದು ಕಾದು ಹಿಡಿತ ಬಿಡುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ನಿಲ್ಲುವ ವಿಷಯದಲ್ಲಿ ನನ್ನ ಅಭಿಪ್ರಾಯ ನಿಷ್ಠುರವಾಗಿದೆ. ಕಾಡಿನ ಜಾಡಿನಲ್ಲಿ ಗಾಡಿ ಮೆಲ್ಲಗೆ ಸಾಗುವಾಗ ಚಾಲಕರು ಹೇಳಿದರೆ ಎದ್ದು ನಿಂತು ಮೇಲಿನ ಸರಳನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಡಾಂಬರು ರಸ್ತೆಗೆ ಬಂದ ಕೂಡಲೇ ಕುಳಿತು ಬೆಲ್ಟ್ ಹಾಕಿಕೊಳ್ಳಿ. ಹೇಳದೆಯೂ ಇದನ್ನು ಪಾಲಿಸುವಂತೆ ನೋಡಿಕೊಳ್ಳುವ ಚಾಲಕರು ಸಿಕ್ಕರೆ ನಿಮ್ಮ ಅದೃಷ್ಟ. ಜಾಕೆಟ್ ಮರೆಯಬೇಡಿ, ಫುಂಶಾಲಿನಲ್ಲಿ ಅಂಗಿಯಲ್ಲಿ ಓಡಾಡಿದ ದಿನವೇ ಮೇಲೆ ಹಲ್ಲು ಕಟಕಟಿಸುವ ಗಾಳಿ ಇರಬಹುದು.

ಪ್ರಶ್ನೆ: ಅಲ್ಲಿನ ಬೆಟ್ಟಗಳಲ್ಲಿ ನೀರಿನ ಕಾಲುವೆಗಳ ಪಕ್ಕ ನಡೆಯುತ್ತಾರಂತೆ. ಕಾಲುವೆ ನೋಡಲು ಅಷ್ಟು ದೂರ ಹೋಗಬೇಕೇ?
— ರೈತ, ನರಗುಂದ, ಗದಗ ಜಿಲ್ಲೆ

ಉತ್ತರ: ಯಜಮಾನರೇ, ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಹೋರಾಡಿದ ಊರಿನವರು ನೋಡಲೇಬೇಕಾದ ಕಾಲುವೆಗಳಿವು. ಈಶಾನ್ಯದಿಂದ ಬೀಸುವ ಗಾಳಿ ಹೊತ್ತು ತಂದ ತೇವವೆಲ್ಲ ಉತ್ತರದ ಬೆಟ್ಟಕ್ಕೆ ಬಡಿದು ಅಲ್ಲಿಯೇ ಸುರಿದುಹೋಗುತ್ತದೆ. ಬಿಸಿಲೂ ಒಳ್ಳೆಯ ಇಳಿಜಾರು ಹೊಲಗಳೂ ಇರುವ ದಕ್ಷಿಣ ಬರೀ ಒಣ. ಸಹ್ಯಾದ್ರಿಯಲ್ಲಿ ಮಳೆ ಸುರಿದು ಗದಗಿಗೆ ಬರುವಷ್ಟರಲ್ಲಿ ಮೋಡ ಬರಿದಾಗುವ ಕಥೆಯೇ ಅದು. ಅಲ್ಲಿ ಇಪ್ಪತ್ತು ಕಿಲೋಮೀಟರಿನೊಳಗೆ ನಡೆಯುತ್ತದೆ, ಅಷ್ಟೇ.

ಪೋರ್ಚುಗೀಸರು ಬಂದಿಳಿದದ್ದು 1419ರಲ್ಲಿ. ಕಬ್ಬು ಬೆಳೆಯತೊಡಗಿದ 15ನೇ ಶತಮಾನದಲ್ಲಿಯೇ ಉತ್ತರದ ನೀರನ್ನು ದಕ್ಷಿಣಕ್ಕೆ ತಿರುಗಿಸಲು ಲೆವಾದಾ ಎಂಬ ಈ ಕಾಲುವೆಗಳನ್ನು ತೋಡಲು ಆರಂಭಿಸಿದರು. ಗುಲಾಮರು ಮತ್ತು ಕೈದಿಗಳು ಬಂಡೆಯ ಅಂಚಿನಿಂದ ಬುಟ್ಟಿಗಳಲ್ಲಿ ಜೋತುಬಿದ್ದು ಕಲ್ಲು ಕಡಿದರೆಂದು ಹೇಳುತ್ತಾರೆ. 20ನೇ ಶತಮಾನದ ಮಧ್ಯದಲ್ಲಿ ಸರ್ಕಾರ ದೊಡ್ಡ ಕಾಲುವೆಗಳನ್ನು ಕಟ್ಟಿಸಿ ಅದೇ ನೀರಿನಿಂದ ವಿದ್ಯುತ್ತನ್ನೂ ತೆಗೆಯಿತು. ಈಗ ಒಟ್ಟು ಉದ್ದ 2,000 ಕಿಲೋಮೀಟರಿಗೂ ಹೆಚ್ಚು.

ನೋಡಲು ಏನೂ ದೊಡ್ಡದಲ್ಲ. ಹಲವೆಡೆ ಒಂದು ಮಾರಿಗಿಂತಲೂ ಕಡಿಮೆ ಅಗಲ, ಮೊಣಕಾಲಿನಷ್ಟು ಆಳ. ಇಳಿಜಾರು ಎಷ್ಟು ಸಣ್ಣದೆಂದರೆ ಎಲೆಯೊಂದನ್ನು ಬಿಟ್ಟರೆ ಅದು ನಮ್ಮ ಪಕ್ಕದಲ್ಲಿಯೇ, ನಮ್ಮ ನಡಿಗೆಯ ವೇಗದಲ್ಲಿಯೇ ಬರುತ್ತಿರುತ್ತದೆ. ಕಾಲುವೆ ನೋಡಿಕೊಳ್ಳುವ ನೀರಗಂಟಿಗೆ ಅಲ್ಲಿ ಲೆವಾದೇರು ಎನ್ನುತ್ತಾರೆ. ಹೊಲಗಳಿಗೆ ನೀರಿನ ಪಾಳಿಯನ್ನು ಗಂಟೆಯ ಲೆಕ್ಕದಲ್ಲಿ ಹಂಚಿರುವುದರಿಂದ ರಾತ್ರಿಯ ಪಾಳಿ ಬಂದವರು ಕಂದೀಲು ಹಿಡಿದು ಹೋಗುತ್ತಿದ್ದ ಪದ್ಧತಿ ನಿಮಗೆ ಹೊಸದೇನಲ್ಲ. ಅವರು ಓಡಾಡಲೆಂದು ಮಾಡಿಕೊಂಡ ಕಾಲುದಾರಿಯೇ ಇಂದು ಪ್ರವಾಸಿಗರ ದಾರಿ.

ನೀರಿನ ಮೂಲ ಕಾಡು. ಒಂದು ಕಾಲಕ್ಕೆ ದಕ್ಷಿಣ ಯುರೋಪಿನ ತುಂಬ ಇದ್ದು ನಂತರ ಅಳಿದುಹೋದ ಲಾರೆಲ್ ಕಾಡು ಇಲ್ಲಿ ಸುಮಾರು 15,000 ಹೆಕ್ಟೇರಿನಲ್ಲಿ ಉಳಿದಿದೆ. ಯುನೆಸ್ಕೊ ಇದನ್ನು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆ ಇಲ್ಲದ ದಿನವೂ ಈ ಮರಗಳ ಎಲೆಗಳು ಮಂಜನ್ನು ಹಿಡಿದು ಹನಿಹನಿಯಾಗಿ ನೆಲಕ್ಕೆ ಇಳಿಸುತ್ತವೆ. ನಮ್ಮ ಚಾಲಕರು ಒಂದು ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಲು ಕೊಟ್ಟಾಗ ನನಗೆ ಮದುವೆ ಮನೆಯ ಪಲಾವಿನ ನೆನಪಾಯಿತು. ನಮ್ಮ ತಮಾಲಪತ್ರ, ದಾಲ್ಚಿನ್ನಿ ಎಲ್ಲವೂ ಇದೇ ಕುಟುಂಬದವು. ಮಡೀರಾ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಕಟ್ಟಿಗೆ. ಹೆಸರಿಟ್ಟವರೇ ಕಬ್ಬಿಗಾಗಿ ದಕ್ಷಿಣದ ಕಾಡನ್ನು ಕಡಿದು ಸುಟ್ಟರೆಂಬುದನ್ನೂ ಸೇರಿಸಿ ಹೇಳಬೇಕು.

ಜೀಪು ಪ್ರವಾಸದಲ್ಲಿ ಕಾಲುವೆಯ ಪಕ್ಕ ಅರ್ಧ ಗಂಟೆಯೋ ಒಂದು ಗಂಟೆಯೋ ನಡೆಸುತ್ತಾರೆ. ಒಂದು ಬದಿ ನೀರು, ಇನ್ನೊಂದು ಬದಿ ಕೆಲವೆಡೆ ಬರೀ ಪ್ರಪಾತ. ಜಾರದ ಬೂಟು ಬೇಕೇ ಬೇಕು. ಅಧಿಕೃತ ಕಾಲುದಾರಿಗಳಿಗೆ ಈಗ ಶುಲ್ಕವಿದೆ. ಅರಿಯೇರುವಿನಿಂದ ರುಯಿವೊಗೆ ಹೋಗುವ ಶಿಖರದ ದಾರಿ 2024ರ ಆಗಸ್ಟಿನ ಕಾಡ್ಗಿಚ್ಚಿನ ನಂತರ ಮುಚ್ಚಿತ್ತು, ಆದ್ದರಿಂದ ಹೊರಡುವ ಮುನ್ನ ಯಾವ ದಾರಿ ತೆರೆದಿದೆ ಎಂದು ವಿಚಾರಿಸಿಕೊಳ್ಳಿ.

ಪ್ರಶ್ನೆ: ವೀಸಾ ಮತ್ತು ಪ್ರಯಾಣದ ವಿವರ ತಿಳಿಸಿ. ಎಷ್ಟು ದಿನ ಬೇಕು?
— ಬ್ಯಾಂಕ್ ನೌಕರ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಪೋರ್ಚುಗಲ್ಲಿನ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಸಾಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಬೆಂಗಳೂರು ಅಥವಾ ಮುಂಬೈಯಿಂದ ವಿಮಾನ ಬದಲಿಸಿ ಲಿಸ್ಬನ್ ತಲುಪಿದರೆ ಅಲ್ಲಿಂದ ಫುಂಶಾಲಿಗೆ ಎರಡು ಗಂಟೆಯೊಳಗಿನ ಹಾರಾಟ. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಅಲ್ಲಿನ ರನ್‌ವೇಯನ್ನು 2000ರಲ್ಲಿ ಕಾಂಕ್ರೀಟು ಕಂಬಗಳ ಮೇಲೆ ಉದ್ದಗೊಳಿಸಿದ್ದಾರೆ. ಅದಕ್ಕೀಗ ಆ ಊರಿನ ಮಗ ಕ್ರಿಸ್ಟಿಯಾನೊ ರೊನಾಲ್ಡೊ ಹೆಸರು. ಉದ್ದ ಹೆಚ್ಚಿದರೂ ಅಡ್ಡಗಾಳಿ ತಗ್ಗಿಲ್ಲ. ಗಾಳಿ ಜೋರಾದ ದಿನ ವಿಮಾನಗಳು ಇಳಿಯದೆ ಬೇರೆಡೆಗೆ ಹೋಗುತ್ತವೆ. ಆದ್ದರಿಂದ ಐದು ದಿನ ಇಟ್ಟುಕೊಳ್ಳಿ, ವಾಪಸು ಬರುವಾಗ ಲಿಸ್ಬನ್‌ನಲ್ಲಿ ಒಂದು ರಾತ್ರಿ ತಂಗಿಯೇ ಭಾರತದ ವಿಮಾನ ಹತ್ತಿ. ಜೀಪನ್ನು ಮೊದಲ ದಿನವೇ ಕಾದಿರಿಸಿದರೆ ಹವೆ ಕೆಟ್ಟಾಗ ಮುಂದೂಡಲು ದಿನಗಳು ಉಳಿದಿರುತ್ತವೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬೆಟ್ಟದ ಮೇಲೆ ಊಟಕ್ಕೆ ಏನು ಮಾಡಬೇಕು? ಮನೆಯಿಂದ ಏನೇನು ಒಯ್ಯಬಹುದು?
— ಗೃಹಿಣಿ, ರಾಣೇಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಮಧ್ಯಾಹ್ನದ ಊಟ ಸಾಮಾನ್ಯವಾಗಿ ಜೀಪಿನ ದರದಲ್ಲಿ ಸೇರಿರುವುದಿಲ್ಲ; ಹಳ್ಳಿಯ ಒಂದು ಹೊಟೇಲಿನ ಮುಂದೆ ನಿಲ್ಲಿಸುತ್ತಾರೆ. ಅಲ್ಲಿನ ಹೆಮ್ಮೆಯ ಅಡುಗೆ ಲಾರೆಲ್ ಕಡ್ಡಿಗೆ ಪೋಣಿಸಿ ಸುಟ್ಟ ಗೋಮಾಂಸವಾದ್ದರಿಂದ ಚಾಲಕರಿಗೆ ಬೆಳಿಗ್ಗೆಯೇ ತಿಳಿಸಿಬಿಡಿ. ನಿಮಗೆ ಒಗ್ಗುವುದು ಮಿಲ್ಯು ಫ್ರಿತು: ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಆರಿಸಿ, ಚೌಕವಾಗಿ ಕತ್ತರಿಸಿ ಕರಿದದ್ದು. ಇಷ್ಟು ಮೆಕ್ಕೆಜೋಳ ಬೆಳೆಯುವ ನಮ್ಮ ಹಾವೇರಿ ಜಿಲ್ಲೆಯಲ್ಲಿ ಇದನ್ನು ಯಾರೂ ಮಾಡುವುದಿಲ್ಲವೆಂಬುದು ನನಗೆ ಸೋಜಿಗ. ಹಂದಿಯ ಕೊಬ್ಬಿನಲ್ಲಿ ಕರಿದಿದ್ದಾರೆಯೇ ಎಂದು ಮಾತ್ರ ಕೇಳಿಕೊಳ್ಳಿ. ಬೋಲು ದು ಕಾಕು ಎಂಬುದು ಗೆಣಸು ಬೆರೆಸಿದ ಗೋದಿಹಿಟ್ಟಿನ ದಪ್ಪ ರೊಟ್ಟಿ, ಬೆಳ್ಳುಳ್ಳಿ ಬೆಣ್ಣೆ ಸವರಿ ಬಿಸಿಬಿಸಿಯಾಗಿ ಕೊಡುತ್ತಾರೆ.

ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಧಾರಾಳವಾಗಿ ಒಯ್ಯಿರಿ. ಹಸಿ ಕರಿಬೇವು ಬೇಡ. ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ತರುವುದನ್ನು ಐರೋಪ್ಯ ಒಕ್ಕೂಟದ ನಿಯಮ ನಿಷೇಧಿಸಿರುವುದರಿಂದ ತುಪ್ಪವನ್ನೂ, ಬಹುಪಾಲು ಖೋವಾದಿಂದಲೇ ಆದ ಧಾರವಾಡ ಪೇಡೆಯನ್ನೂ ಮನೆಯಲ್ಲಿಯೇ ಬಿಟ್ಟು ಹೋಗಿ. ಬಡೇಸೋಪನ್ನೂ ಹೊರುವ ಅಗತ್ಯವಿಲ್ಲ. ಅದು ಅಲ್ಲಿನ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ, ಫುಂಶಾಲ್ ಎಂಬ ಊರಿನ ಹೆಸರು ಬಂದದ್ದೂ ಅದರಿಂದಲೇ.