ಕ್ಲಿಕ್ ಎಣಿಸುವ ಮೊದಲು ದೂರ ಅಳೆಯಿರಿ

ಪ್ರಶ್ನೆ: ಸರ್, ನನ್ನ ಏರ್ ರೈಫಲ್‌ಗೆ ಜೂಮ್ ಸ್ಕೋಪ್ ಹಾಕಿಸಿದ್ದೇನೆ. 25 ಗಜದಲ್ಲಿ ಪೆಲೆಟ್ ಒಂದು ಇಂಚು ಕೆಳಗೆ ಬೀಳುತ್ತದೆ. ಸ್ಕೋಪ್‌ನ ಡಯಲ್ ನಾಲ್ಕು ಕ್ಲಿಕ್ ತಿರುಗಿಸಿದರೆ ಒಂದು ಇಂಚು ಅಂದಿದ್ದರು ಅಂಗಡಿಯವರು. ತಿರುಗಿಸಿದರೂ ಮೇಲೇರಿದ್ದು ಸ್ವಲ್ಪವೇ. ಸ್ಕೋಪ್ ಕೆಟ್ಟಿದೆಯಾ? ಒಳಗಿನ ಸಣ್ಣ ಗೆರೆಗಳು ಯಾಕೆ?
— ಓದುಗರು, ಶಿರಾ

ಉತ್ತರ: ಕೆಟ್ಟಿರಲಾರದು. ಅಂಗಡಿಯವರು ಹೇಳಿದ್ದು 100 ಗಜದ ಲೆಕ್ಕ.

ಹೊಲದಲ್ಲಿ ಒಂದೇ ಗೂಟಕ್ಕೆ ಎರಡು ಹಗ್ಗ ಕಟ್ಟಿ, ಬಿಡಿಸಿ ಎಳೆಯಿರಿ. ಗೂಟದ ಹತ್ತಿರ ನಡುವೆ ಬೆರಳೂ ತೂರುವುದಿಲ್ಲ. ಬದುವಿನ ಹತ್ತಿರ ಎತ್ತಿನ ಗಾಡಿಯೇ ಹೋಗುತ್ತದೆ. ಡಯಲ್ ಬದಲಿಸುವುದು ಹಗ್ಗಗಳ ನಡುವಿನ ಆ ಕೋನವನ್ನು, ಇಂಚನ್ನಲ್ಲ. 100 ಗಜದಲ್ಲಿ ಒಂದು ಕ್ಲಿಕ್‌ಗೆ ಕಾಲು ಇಂಚು ಅಂದರೆ, 25 ಗಜದಲ್ಲಿ ಅದರ ಕಾಲು ಭಾಗ ಅಷ್ಟೇ. ನಿಮಗೆ 16 ಕ್ಲಿಕ್ ಬೇಕು, ನಾಲ್ಕು ಆಗಿದೆ. ಇನ್ನು 12 ತಿರುಗಿಸಿ, ‘ಅಪ್’ ಬಾಣದ ಕಡೆಗೆ.

ಮಿಲ್ ಅನ್ನೋ ಕೋನದ ಅಳತೆಯ ಸ್ಕೋಪ್ ಆದರೆ ಲೆಕ್ಕ ಇನ್ನೂ ಸುಲಭ. ಒಂದು ಮಿಲ್ ಅಂದರೆ 100 ಮೀಟರ್‌ನಲ್ಲಿ 10 ಸೆಂಟಿಮೀಟರ್, 300 ಮೀಟರ್‌ನಲ್ಲಿ 30. ಅಲ್ಲಿ ಗುಂಡು 30 ಸೆಂಟಿಮೀಟರ್ ಕೆಳಗೆ ಬಿದ್ದರೆ, ಒಂದು ಕ್ಲಿಕ್‌ಗೆ 0.1 ಮಿಲ್ ಬದಲಿಸುವ ಡಯಲ್‌ನಲ್ಲಿ 10 ಕ್ಲಿಕ್. ಡಯಲ್ ಮುಟ್ಟಬಾರದು ಅನ್ನಿಸಿದರೆ ನಡುವಿನ ಗೆರೆಯಿಂದ ಒಂದು ಮಿಲ್ ಕೆಳಗಿನ ಗುರುತನ್ನು ಗುರಿಯ ಮೇಲಿಟ್ಟು ಹೊಡೆಯಿರಿ. ಸಣ್ಣ ಗೆರೆಗಳು ಇರುವುದೇ ಇದಕ್ಕೆ. ದೂರವನ್ನೂ ಅವು ಹೇಳುತ್ತವೆ: ಒಂದು ಮೀಟರ್ ಎತ್ತರದ ಬೋರ್ಡ್ ಎರಡು ಮಿಲ್ ಕಂಡರೆ ಅದು 500 ಮೀಟರ್ ಆಚೆ ಇದೆ.

ಆದರೆ ಜೂಮ್ ತಿರುಗಿಸಿ ನೋಡಿ. ಗುರಿ ದೊಡ್ಡದಾಗಿ ಗೆರೆಗಳು ಹಾಗೇ ಉಳಿದರೆ, ಗೆರೆಗಳ ಅಳತೆ ಒಂದೇ ಜೂಮ್‌ನಲ್ಲಿ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ. ಡಯಲ್‌ಗೆ ಈ ತೊಂದರೆ ಇಲ್ಲ.

ಸೇನೆಗೆ ಸೇರಿದ ಹೊಸದರಲ್ಲಿ ನಾನು ಒಂದೊಂದು ಗುಂಡಿಗೂ ಡಯಲ್ ತಿರುಗಿಸುತ್ತಿದ್ದೆ. ಒಂದು ಮೇಲೆ, ಒಂದು ಕೆಳಗೆ, ಝೀರೋ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ, ಆಗಲೇ ಇಲ್ಲ. ನನ್ನ ಉಸಿರಿನ ತಪ್ಪನ್ನು ಸ್ಕೋಪ್ ಮೇಲೆ ಹಾಕುತ್ತಿದ್ದೆ. ನೀವು ಸುಮ್ನೆ ಐದು ಹೊಡೆಯಿರಿ, ಐದರ ನಡುವನ್ನು ಗುರುತಿಸಿ, ಆಮೇಲೆ ಡಯಲ್ ಮುಟ್ಟಿ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು, ತೋಟದ ಬೇಲಿ ಸಾಲದು.
— ನಿವೃತ್ತ ಸುಬೇದಾರ್, ಮಧುಗಿರಿ