ಸಂಪಾದಕರ ಉತ್ತರ: ಕೆರೆ ತುಂಬಿದೆ, ನೀರು ಎಂಥದ್ದು?

ಕೋಲಾರ ತಾಲ್ಲೂಕಿನ ರೈತ ಓದುಗರೊಬ್ಬರ ಪತ್ರ: “ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಬತ್ತಿದ್ದ ಬಾವಿಗೂ ನೀರು ಬಂದಿದೆ. ಆದರೆ ಎರಡು ಹಂತ ಸಾಲದು, ಮೂರನೆಯದೂ ಬೇಕು ಅಂತಾರೆ. ಏನಿದು ಹಂತ? ಕಾನೂನು ಏನು ಹೇಳುತ್ತದೆ?”

ಬೋರ್‌ವೆಲ್ ಸಾವಿರ ಅಡಿ ದಾಟಿದ ಸೀಮೆಯಲ್ಲಿ ತೆರೆದ ಬಾವಿಗೆ ನೀರು ಬರುವುದು ಸಣ್ಣ ಮಾತಲ್ಲ. ನಿಮ್ಮ ಸಂತೋಷ ನಮಗೂ ಇದೆ. ಆದರೂ ನೀವು ಕೇಳಿದ್ದು ಸರಿಯಾದ ಪ್ರಶ್ನೆ.

ಮೊದಲ ಹಂತದಲ್ಲಿ ಕಸ, ಮರಳು ಹೋಗುತ್ತವೆ, ಅಷ್ಟೆ. ನಿಜವಾದ ಕೆಲಸ ಎರಡನೆಯದರಲ್ಲಿ. ಹಿಂದೊಮ್ಮೆ ಒಂದು ಎಸ್‌ಟಿಪಿಯಲ್ಲಿ, ಅಂದರೆ ಚರಂಡಿ ನೀರು ಶುದ್ಧ ಮಾಡುವ ಘಟಕದಲ್ಲಿ, ನಿಂತು ನೋಡಿದ್ದೆ. ದೊಡ್ಡ ತೊಟ್ಟಿಯ ತಳದಿಂದ ಗಾಳಿ ಊದುತ್ತಿದ್ದರು. ನೀರು ಒಲೆ ಮೇಲಿನ ಚಹಾದ ಹಾಗೆ ಕುದಿಯುತ್ತಿತ್ತು. ಮೂಗು ಮುಚ್ಚಿಕೊಂಡೇ ಹೋಗಿದ್ದೆ, ಆದರೆ ಅಲ್ಲಿದ್ದದ್ದು ಒದ್ದೆ ಮಣ್ಣಿನ ವಾಸನೆ. ಆಪರೇಟರ್ ಒಂದು ಲೀಟರ್ ಜಾರ್‌ಗೆ ಆ ನೀರು ತುಂಬಿಸಿಟ್ಟರು. ಅರ್ಧ ಗಂಟೆಯಲ್ಲಿ ಕಂದು ಬಗ್ಗಡ ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತು. ಆ ಬಗ್ಗಡದ ತುಂಬ ಬ್ಯಾಕ್ಟೀರಿಯಾ. ನೀರಿನ ಕೊಳೆಯನ್ನು ತಿನ್ನುವುದು ಅವೇ. “ಗಾಳಿ ನಿಂತ್ರೆ ಇವು ಸಾಯ್ತವೆ ಸಾರ್” ಎಂದರು ಅವರು. ಕರೆಂಟ್ ಉಳಿಸೋಣ ಅಂತ ಗಾಳಿ ಊದುವ ಬ್ಲೋವರ್ ನಿಲ್ಲಿಸಿದ ಕಡೆಯೆಲ್ಲ ನೀರು ಕೆಡುವುದು ಇದಕ್ಕೇ.

ಕೊಳೆ ಎಷ್ಟು ಉಳಿದಿದೆ ಎಂದು ಅಳೆಯಲು ಬಿಒಡಿ ಎಂಬ ಲೆಕ್ಕವಿದೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಯಿತು ಎಂಬ ಅಳತೆ ಅದು. ಹಸಿ ಚರಂಡಿ ನೀರಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 200–300 ಮಿಲಿಗ್ರಾಂ ಇರುತ್ತದೆ. 2017ರ ಕೇಂದ್ರದ ಅಧಿಸೂಚನೆ ಮಹಾನಗರಗಳಿಗೆ 20, ಉಳಿದ ಕಡೆಗೆ 30ರ ಮಿತಿ ಹಾಕಿತು. ಇದು ಸಡಿಲವಾಯಿತೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಿತಿ 10 ಇರಲಿ ಎಂದಿತು. ಇದಕ್ಕೆಲ್ಲ ಬುಡ 1974ರ ಜಲ ಕಾಯ್ದೆ. ಅದರ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿಲ್ಲದೆ ಯಾರೂ ಕೊಳಚೆ ನೀರನ್ನು ಹೊರಗೆ ಬಿಡುವಂತಿಲ್ಲ.

ಇಲ್ಲೇ ಜನ ಎಡವುವುದು. ಬಿಒಡಿ 10 ಬಂತು ಅಂದ ಮಾತ್ರಕ್ಕೆ ಕುಡಿಯಬಹುದು ಅಂತಲ್ಲ. ಕೆರೆಗೆ ಬಿಡುವ ನೀರಿನ ನಿಯಮ ಬೇರೆ, ಕುಡಿಯುವ ನೀರಿನದು ಬೇರೆ. ಕರಗಿದ ನೈಟ್ರೇಟ್, ಸೋಪಿನ ಪುಡಿಯ ಫಾಸ್ಫೇಟ್, ಕಾರ್ಖಾನೆ ನೀರು ಕಳ್ಳದಾರಿಯಲ್ಲಿ ಸೇರಿದರೆ ಲೋಹ, ಇವೆಲ್ಲ ಎರಡನೇ ಹಂತದಲ್ಲಿ ಪೂರ್ತಿ ಹೋಗುವುದಿಲ್ಲ. ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದರೆ ಅದು ಬೆಳೆಯುತ್ತಿರುವುದು ನೈಟ್ರೇಟ್, ಫಾಸ್ಫೇಟ್ ಎಂಬ ಈ ಗೊಬ್ಬರದಿಂದಲೇ. ಇವನ್ನು ತೆಗೆಯುವುದೇ ಮೂರನೇ ಹಂತ.

ನಿಮ್ಮ ಕಡೆಗೆ ಈ ನೀರು ತರುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ನೀರು ಕೊಡುವ ಗುರಿ. 2018ರ ಜೂನ್‌ನಲ್ಲಿ ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಕಂಡವರಿಗೆ ಎದೆ ಝಲ್ಲೆಂದಿತು. ಆಗ ನೀವೆಲ್ಲ ದನಿ ಎತ್ತಿದ್ದು ತಪ್ಪೇನಲ್ಲ. ನಮ್ಮ ಅಭಿಪ್ರಾಯ ಇಷ್ಟು: ನೀರು ನಿಲ್ಲಬಾರದು, ಮೂರನೇ ಹಂತ ಬರಲೇಬೇಕು. ನಾವು ಬೆಂಗಳೂರಿನವರು ಬಳಸಿ ಬಿಟ್ಟ ನೀರು ಅದು. ಅದನ್ನು ಪೂರ್ತಿ ತೊಳೆದು ಕೊಡುವ ಖರ್ಚು ನಮ್ಮದೇ, ಅಲ್ವಾ?

ಅಲ್ಲಿಯವರೆಗೆ ಬಾವಿ ನೀರನ್ನು ಲ್ಯಾಬಿಗೆ ಕೊಡಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಕುಡಿಯಬೇಡಿ. ಕಾಯಿಸಿದರೂ ಅದು ಹೋಗುವುದಿಲ್ಲ, ಚಿಕ್ಕ ಮಕ್ಕಳಿಗಂತೂ ಅಪಾಯ. ಕೆರೆಗೆ ಬರುವ ನೀರಿನ ಪರೀಕ್ಷಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಿಕ್ಕಿದರೆ ನಮಗೊಂದು ಪ್ರತಿ ಕಳಿಸಿ, ಅದರಲ್ಲಿ ಏನಿದೆ ಎಂದು ಸಾಲು ಸಾಲಾಗಿ ಬಿಡಿಸಿ ಬರೆಯುತ್ತೇವೆ.