ಶಾಂತವೇರಿ ಗೋಪಾಲಗೌಡರು 1952ರಲ್ಲಿ ಮೊದಲ ಬಾರಿ ಚುನಾವಣೆಗೆ ನಿಂತಾಗ ಅವರ ಹಿನ್ನೆಲೆ ಏನಿತ್ತು? ಏನು ಹೇಳಿ ಮತ ಕೇಳಿದರು? ಹೇಳಿದ್ದು ನಡೆಯಿತೇ?

ಪರೀಕ್ಷೆಗೆ ಓದುವ ಪುಸ್ತಕದಲ್ಲಿ ‘ಕಾಗೋಡು ಸತ್ಯಾಗ್ರಹದ ನಾಯಕ, ಸಮಾಜವಾದಿ ಶಾಸಕ’ ಎಂಬ ಒಂದೇ ಸಾಲು ಸಿಕ್ಕಿತು ಎಂದು ಬರೆದಿದ್ದೀರಿ. ಆ ಸಾಲು ಸರಿಯಾಗಿದೆ, ಆದರೆ ಹೊಟ್ಟೆ ತುಂಬಿಸುವುದಿಲ್ಲ. ನಾನು ಸಾಗರ ತಾಲ್ಲೂಕಿನವನು, ಗೇಣಿ ಮಾಡಿಕೊಂಡಿದ್ದವರ ಮನೆಯವನು. ಹಾಗಾಗಿ ಈ ಉತ್ತರ ತಕ್ಕಡಿಯಲ್ಲಿ ತೂಗಿದಂತೆ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ ಎಂದರೆ ಆಸ್ತಿ, ಮನೆತನ, ಪದವಿ ಎಂದುಕೊಂಡರೆ ಗೋಪಾಲಗೌಡರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಹೆಸರಿನ ಮುಂದಿರುವ ಶಾಂತವೇರಿ ತರೀಕೆರೆ ತಾಲ್ಲೂಕಿನ ಊರು. 1942ರ ಚಲೇಜಾವ್ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದಲ್ಲಿದ್ದ ಕಾಂಗ್ರೆಸ್ಸಿನ ನೆರಳಿಗೆ ಹೋಗದೆ ಸಮಾಜವಾದಿಗಳ ಜೊತೆ ನಿಂತರು. ಚುನಾವಣೆಗೆ ನಿಂತಾಗ ವಯಸ್ಸು 28. ವಿಧಾನಸಭೆಗೆ ಸ್ಪರ್ಧಿಸಲು 25 ತುಂಬಿರಬೇಕು ಎಂಬುದು ನಿಮಗೆ ಗೊತ್ತೇ ಇದೆ. ಅಂದರೆ ಅರ್ಹತೆ ಬಂದು ಹೆಚ್ಚು ಕಾಲವೂ ಆಗಿರಲಿಲ್ಲ. ಕೈಯಲ್ಲಿ ಭೂಮಿ ಇರಲಿಲ್ಲ, ಹಣ ಇರಲಿಲ್ಲ. ಮೇಲಾಗಿ ಅವರು ನಿಂತದ್ದು ತಮ್ಮ ತಾಲ್ಲೂಕಿನಲ್ಲಲ್ಲ, ಸಾಗರ–ಹೊಸನಗರ ಕ್ಷೇತ್ರದಲ್ಲಿ. ಅಲ್ಲಿನ ಗೇಣಿದಾರರಲ್ಲಿ ಬಹುಪಾಲು ಜನ ದೀವರು ಎಂಬ ಜಾತಿಯವರು. ಗೋಪಾಲಗೌಡರು ದೀವರಲ್ಲ. ಇವತ್ತು ಯಾವ ಪಕ್ಷದ ಟಿಕೆಟ್ ಸಮಿತಿಯ ಮುಂದೆ ಈ ವಿವರ ಇಟ್ಟರೂ ‘ಹೊರಗಿನವರು, ಜಾತಿಯ ಲೆಕ್ಕ ಕೂಡುವುದಿಲ್ಲ, ಮುಂದಿನ ಸಲ ನೋಡೋಣ’ ಎಂದು ಕಳಿಸಿಬಿಡುತ್ತಾರೆ.

ಹಾಗಾದರೆ ಗೆದ್ದದ್ದು ಹೇಗೆ ಎಂದು ತಿಳಿಯಬೇಕಾದರೆ ಒಂದು ವರ್ಷ ಹಿಂದೆ ಹೋಗಬೇಕು, ಒಂದು ಕೊಳಗದ ಹತ್ತಿರ.

ಕೊಳಗ ಎಂದರೆ ಭತ್ತ ಅಳೆಯುವ ಮಾಪು. ವರ್ಷಕ್ಕೆ ಇಷ್ಟು ಕೊಳಗ ಗೇಣಿ ಎಂದು ಮಾತಾಗಿರುತ್ತಿತ್ತು. ಆದರೆ ಅಳೆಯಲು ತರುವ ಕೊಳಗ ಒಡೆಯರ ಮನೆಯದು, ಸರ್ಕಾರಿ ಅಳತೆಗಿಂತ ದೊಡ್ಡದು. ಲೆಕ್ಕ ಮಾತಿನಂತೆಯೇ ಇರುತ್ತಿತ್ತು, ಭತ್ತ ಮಾತ್ರ ಹೆಚ್ಚು ಹೋಗುತ್ತಿತ್ತು. ಇದರ ಜೊತೆಗೆ ಒಡೆಯರ ಮನೆಯ ಬಿಟ್ಟಿ ಚಾಕರಿ. ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ: ಅಳೆಯುವವನು ಕೊಳಗದ ಮೇಲೆ ಭತ್ತವನ್ನು ರಾಶಿ ಏರಿಸುವಾಗ ಅಜ್ಜ ಬೇರೆ ಕಡೆ ನೋಡುತ್ತಿದ್ದರಂತೆ, ನೋಡಿದರೆ ಬಾಯಿಗೆ ಏನಾದರೂ ಬಂದೀತು ಎಂಬ ಹೆದರಿಕೆಗೆ. ಕೊಟ್ಟ ಗೇಣಿಗೆ ಒಂದು ಚೀಟಿಯೂ ಇರಲಿಲ್ಲ. ಈ ಚೀಟಿಯ ವಿಷಯವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇದರ ವಿರುದ್ಧ ಗೇಣಿದಾರರನ್ನು ಮೊದಲು ಕೂಡಿಸಿದವರು ಎಚ್. ಗಣಪತಿಯಪ್ಪ, ಸಾಗರ ತಾಲ್ಲೂಕು ರೈತ ಸಂಘದ ಮೂಲಕ. ನಿಮ್ಮ ಪುಸ್ತಕದ ಸಾಲಿನಲ್ಲಿ ಅವರ ಹೆಸರಿಲ್ಲದಿರುವುದು ನನಗೆ ಸ್ವಲ್ಪ ಸಿಟ್ಟು ತರಿಸಿತು. ಕಾಗೋಡಿನ ಒಡೆಯರು ಗೇಣಿದಾರರನ್ನು ಭೂಮಿಯಿಂದ ಬಿಡಿಸಿದಾಗ, 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ವಿಧಾನ ಸರಳ. ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮರುದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷ ಇದನ್ನು ತನ್ನ ಹೋರಾಟವಾಗಿ ಕೈಗೆತ್ತಿಕೊಂಡಿತು. ಗೋಪಾಲಗೌಡರು ಊರೂರು ತಿರುಗಿ ಮಾತನಾಡಿದರು, ಜೈಲಿಗೂ ಹೋದರು. ಜೂನ್‌ನಲ್ಲಿ ಪಕ್ಷದ ರಾಷ್ಟ್ರ ನಾಯಕ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಮೇಲೆ ಈ ಚಿಕ್ಕ ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿಯಿತು.

ಗೋಪಾಲಗೌಡರ ಚುನಾವಣಾ ಪ್ರಚಾರ ಮುಗಿದದ್ದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆಮೇಲೆ ನಡೆದದ್ದು ಮತ ಎಣಿಸುವ ಕೆಲಸ ಅಷ್ಟೇ. ಅಭ್ಯರ್ಥಿ ತನ್ನನ್ನು ಪರಿಚಯಿಸಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಜೈಲಿನಲ್ಲಿ ಪಕ್ಕದಲ್ಲಿ ಕುಳಿತಿದ್ದವನ ಹಿನ್ನೆಲೆಯನ್ನು ಯಾರು ವಿಚಾರಿಸುತ್ತಾರೆ?

ಇನ್ನೊಂದು ಸಂಗತಿಯನ್ನು ಈ ಗೆಲುವಿನ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ನಾವು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಆದರೆ ಅದಕ್ಕೆ ಮತ ಹಾಕಲು ಕಂದಾಯ ಕಟ್ಟುವ ಭೂಮಿಯೋ ಓದೋ ಇರಬೇಕಿತ್ತು. ಒಡೆಯನಿಗೆ ಮತ ಇತ್ತು, ಗೇಣಿದಾರನಿಗೆ ಇರಲಿಲ್ಲ. 21 ವರ್ಷ ತುಂಬಿದ ಎಲ್ಲರಿಗೂ ಮತ ಸಿಕ್ಕಿದ್ದು ಇದೇ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ. ಮೊದಲ ಸಲದ ಅಭ್ಯರ್ಥಿಗೆ ಮೊದಲ ಸಲದ ಮತದಾರರು ಸಿಕ್ಕಿದರು.

ಆಗ ಮತಪತ್ರದ ಮೇಲೆ ಮುದ್ರೆ ಒತ್ತುವ ಕ್ರಮ ಇರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮರೆಯೊಳಗೆ ಹೋಗಿ ನಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳದು ಮರ. ನಮ್ಮ ಊರಿನ ಒಡೆಯರು ‘ಎತ್ತಿಗೇ ಹಾಕಿ’ ಎಂದು ಹೇಳಿ ಕಳಿಸಿದ್ದರಂತೆ. ‘ಎತ್ತು ಅವರದು, ನೊಗ ಮಾತ್ರ ನಮ್ಮದು’ ಎಂದು ಅಜ್ಜ ದಾರಿಯುದ್ದಕ್ಕೂ ಗೊಣಗುತ್ತಾ ಹೋದರು ಎಂದು ಅಜ್ಜಿ ನಗುತ್ತಿದ್ದರು. ಅಜ್ಜಿಗೂ ಅದು ಮೊದಲ ಮತ. ಮರೆಯೊಳಗೆ ಒಬ್ಬಳೇ ನಿಂತಾಗ ಹೆದರಿಕೆಯಾಯಿತು, ಆಮೇಲೆ ‘ಇಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲ’ ಎಂದು ಹೊಳೆದಾಗ ತುಂಬಾ ಹೊತ್ತು ಅಲ್ಲಿಯೇ ನಿಂತುಬಿಟ್ಟೆ, ಅಧಿಕಾರಿ ಕೂಗಿ ಕರೆದರು ಎನ್ನುತ್ತಿದ್ದರು.

ಏನು ಹೇಳಿ ಮತ ಕೇಳಿದರು ಎಂಬುದಕ್ಕೆ ಉತ್ತರ ಚಿಕ್ಕದು. ಉಳುವವನೇ ಹೊಲದೊಡೆಯನಾಗಬೇಕು. ಉಳಿದದ್ದೆಲ್ಲ ಅದರ ಹಿಂದೆ. ಈಗ ಹೊಸ ಅಭ್ಯರ್ಥಿಗಳ ಕರಪತ್ರದಲ್ಲಿ ಚರಂಡಿ ಮುಚ್ಚುವುದರಿಂದ ಹಿಡಿದು ಕ್ರೀಡಾಂಗಣದವರೆಗೆ ನಲವತ್ತು ಅಂಶಗಳಿರುತ್ತವೆ. ಅದರಲ್ಲಿ ಅರ್ಧ ಗ್ರಾಮ ಪಂಚಾಯಿತಿಯ ಕೆಲಸ. ಕಾಯಿದೆ ಮಾಡುವ ಸಭೆಗೆ ಹೋಗುವವನು ಯಾವ ಕಾಯಿದೆ ಬೇಕು ಎಂದು ಹೇಳಬೇಕು ಎಂಬುದನ್ನು ಅವರು ಅರಿತಿದ್ದರು. ಎರಡನೆಯ ಕಾಳಜಿ ಕನ್ನಡ. ಏಕೀಕರಣವಾದರೆ ಹಳೆಯ ಮೈಸೂರಿನ ಹಿಡಿತ ತಪ್ಪುತ್ತದೆ ಎಂದು ಆಗಿನ ಮೈಸೂರಿನ ಹಲವು ರಾಜಕಾರಣಿಗಳು ಹಿಂಜರಿಯುತ್ತಿದ್ದಾಗ ಗೋಪಾಲಗೌಡರು ಕನ್ನಡ ಮಾತನಾಡುವವರೆಲ್ಲ ಒಂದಾಗಬೇಕು ಎಂದು ವಾದಿಸಿದರು. ಮುಂದೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಡಲು ಪಟ್ಟು ಹಿಡಿದವರಲ್ಲಿಯೂ ಅವರಿದ್ದರು. ಆದರೆ 1952ರಲ್ಲಿ ಸಾಗರದ ಗೇಣಿದಾರರು ಅವರಿಗೆ ಮತ ಹಾಕಿದ್ದು ಏಕೀಕರಣಕ್ಕಾಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಣದ ವಿಷಯಕ್ಕೆ ಬಂದರೆ, ‘ಒಂದು ವೋಟು, ಒಂದು ನೋಟು’ ಎಂಬ ಮಾತು ಅವರ ಚುನಾವಣೆಗಳ ಜೊತೆ ಅಂಟಿಕೊಂಡಿದೆ. ಮತದಾರನಿಂದಲೇ ಮತದ ಜೊತೆಗೆ ಒಂದು ರೂಪಾಯಿ ಕೇಳುವುದು. ಈ ಮಾತನ್ನು ಇಂದಿನ ಹುಡುಗರಿಗೆ ಹೇಳಿದರೆ ನೋಟು ಯಾರು ಯಾರಿಗೆ ಕೊಡಬೇಕು ಎಂದು ಎರಡು ಸಲ ಕೇಳುತ್ತಾರೆ.

ಹೇಳಿದ್ದು ನಡೆಯಿತೇ? ಅವರ ಕೈಯಿಂದ ನಡೆಯಲಿಲ್ಲ. ಮೈಸೂರು ವಿಧಾನಸಭೆಯಲ್ಲಿ ಆಗ 99 ಸ್ಥಾನ. ಕಾಂಗ್ರೆಸ್ಸಿಗೆ 74, ಸಮಾಜವಾದಿ ಪಕ್ಷಕ್ಕೆ 3. ಮೂರು ಜನ ಸೇರಿ ಯಾವ ಕಾಯಿದೆ ತರಲು ಸಾಧ್ಯ? ಅವರಿಗೆ ಸಾಧ್ಯವಾದದ್ದು ಮಾತು. ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡದಲ್ಲಿ, ಸಭೆ ಸೇರುತ್ತಿದ್ದ ಆ ದಿನಗಳಲ್ಲಿ ಗೇಣಿದಾರನ ಕಷ್ಟವನ್ನು ಕನ್ನಡದಲ್ಲಿ, ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಎದುರಿಗೆ, ಮುಲಾಜಿಲ್ಲದೆ ಹೇಳಿದರು. 1957ರಲ್ಲಿ ಸೋತರು. ಈ ಸೋಲನ್ನು ಅಭಿಮಾನಿಗಳು ಬೇಗ ಬೇಗ ದಾಟಿ ಹೋಗುತ್ತಾರೆ, ನನಗೆ ಅದು ಮುಖ್ಯವೆನಿಸುತ್ತದೆ. ಹೋರಾಟದ ಬಿಸಿ ಆರಿದ ಮೇಲೆ, ಸಂಘಟನೆ ಗಟ್ಟಿಯಿಲ್ಲದ ಪಕ್ಷದ ಒಳ್ಳೆಯ ಮಾತುಗಾರನೂ ಸೋಲುತ್ತಾನೆ. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಆ 1967ರಲ್ಲೇ ಸೊರಬದಿಂದ ಎಸ್. ಬಂಗಾರಪ್ಪ ವಿಧಾನಸಭೆಗೆ, ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೆ ಬಂದರು, ಇಬ್ಬರೂ ಇದೇ ಸಮಾಜವಾದಿ ಗರಡಿಯವರು. ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು, ಐವತ್ತು ತುಂಬುವ ಮೊದಲೇ. ಮರುವರ್ಷ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು.

ಭೂಮಿಯ ಕಾಯಿದೆಗೆ ಬಲ ಬಂದದ್ದು ಅದರ ನಂತರ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆಯಬೇಕಿತ್ತು. ನಮ್ಮ ಕಡೆ ಇದಕ್ಕೆ ಈಗಲೂ ‘ಡಿಕ್ಲರೇಷನ್’ ಎಂದೇ ಹೆಸರು. 1952ರಲ್ಲಿ ಮೊದಲ ಸಲದ ಅಭ್ಯರ್ಥಿಯೊಬ್ಬ ಕೇಳಿದ್ದು ಇಪ್ಪತ್ತೆರಡು ವರ್ಷದ ನಂತರ, ಅವರು ಬದುಕಿನುದ್ದಕ್ಕೂ ಎದುರಿಸಿದ ಪಕ್ಷದ ಕೈಯಿಂದ ಬಂತು. ಅರಸರು ಕೂಡ 1952ರ ಅದೇ ಸಭೆಯ ಸದಸ್ಯರಾಗಿದ್ದವರು.

ನಮ್ಮ ಮನೆಯವರೂ ಅರ್ಜಿ ಹಾಕಿದರು. ವಿಚಾರಣೆಯ ದಿನ ‘ಗೇಣಿ ಕೊಟ್ಟದ್ದಕ್ಕೆ ಚೀಟಿ ಎಲ್ಲಿ’ ಎಂದು ಕೇಳಿದರು. ಚೀಟಿ ಇರಲಿಲ್ಲ. ಅಷ್ಟರಲ್ಲಿ ಅಜ್ಜ ತೀರಿಕೊಂಡಿದ್ದರು. ಅಜ್ಜಿ ಪಕ್ಕದ ಗದ್ದೆಯ ಇಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ, ಯಾವ ಬದುವಿನಿಂದ ಯಾವ ಬದುವಿನವರೆಗೆ, ವರ್ಷಕ್ಕೆ ಎಷ್ಟು ಕೊಳಗ, ಯಾವ ಕೊಳಗ ಎಂದು ಬಾಯಲ್ಲೇ ಹೇಳಿ ಬಂದರು. ಒಂದೂವರೆ ಎಕರೆಯ ಪಹಣಿ ಅವರ ಹೆಸರಿಗೇ ಆಯಿತು.